ಆಕ್ಚುರಿಯಲ್ ಸೈನ್ಸ್ ಪದವಿಗಾಗಿ ಎರಡರಷ್ಟು ಶುಲ್ಕ ಕಟ್ಟಬಹುದೇ?

ಪ್ರಶ್ನೆ:
ಮಗಳಿಗೆ ಎರಡು ಕಾಲೇಜುಗಳಲ್ಲಿ ಸೀಟು ಸಿಕ್ಕಿದೆ. ಒಂದರಲ್ಲಿ ಆಕ್ಚುರಿಯಲ್ ಸೈನ್ಸ್ (ವಿಮೆ, ಪಿಂಚಣಿಗಳಂಥವುಗಳ ಅಪಾಯವನ್ನು ಗಣಿತದಿಂದ ಅಳೆಯುವ ಶಾಸ್ತ್ರ) ಮತ್ತು ವಿಮೆಗೇ ಮೀಸಲಾದ ಬಿಸಿನೆಸ್ ಪದವಿಯಿದೆ, ಆದರೆ ಶುಲ್ಕ ಇನ್ನೊಂದರ ಎರಡರಷ್ಟು. ಹೆಚ್ಚುವರಿ ಹಣವನ್ನೆಲ್ಲ ಶಿಕ್ಷಣ ಸಾಲದಿಂದಲೇ ಹೊಂದಿಸಬೇಕು. ಇನ್ನೊಂದರಲ್ಲಿ ಸಾಮಾನ್ಯ ವಾಣಿಜ್ಯ ಪದವಿಯ ಜೊತೆಗೆ ಸಂಖ್ಯಾಶಾಸ್ತ್ರವನ್ನು ಐಚ್ಛಿಕವಾಗಿ ಓದಬಹುದು. ಅವಳಿಗೆ ಗಣಿತದಲ್ಲಿ ನಿಜವಾದ ಒಲವಿದೆ. ವಿಶೇಷ ಪದವಿ ಬಿಟ್ಟರೆ ಆ ವೃತ್ತಿಯೇ ಕೈತಪ್ಪುತ್ತದೆಯೇ ಎಂಬುದು ನಮ್ಮ ಆತಂಕ.

ಉತ್ತರ 1:
ಕೈತಪ್ಪುವುದಿಲ್ಲ. ಆಕ್ಚುರಿ ಎನಿಸಿಕೊಳ್ಳಲು ಮುಖ್ಯವಾಗಿ ಬೇಕಿರುವುದು ವೃತ್ತಿಸಂಸ್ಥೆಗಳು ನಡೆಸುವ ಪರೀಕ್ಷೆಗಳ ಉತ್ತೀರ್ಣತೆ. ಉದಾಹರಣೆಗೆ, ಅಮೆರಿಕದ ವೃತ್ತಿಸಂಸ್ಥೆ ಸೊಸೈಟಿ ಆಫ್ ಆಕ್ಚುರೀಸ್ ನಡೆಸುವ ಸಂಭವನೀಯತೆ ಮತ್ತು ಹಣಕಾಸು ಗಣಿತದ ಆರಂಭಿಕ ಪರೀಕ್ಷೆಗಳನ್ನು, ಅಂದರೆ ಪಿ ಮತ್ತು ಎಫ್‌ಎಂ ಪತ್ರಿಕೆಗಳನ್ನು, ಯಾವ ವಿಷಯ ಓದುತ್ತಿರುವವರೂ ಪದವಿ ಮುಗಿಯುವ ಮೊದಲೇ ಬರೆಯಬಹುದು. ಕಡಿಮೆ ಶುಲ್ಕದ ಕಾಲೇಜಿಗೆ ಸೇರಿಸಿ, ಕಲನಶಾಸ್ತ್ರದ ತಳಹದಿ ಗಟ್ಟಿಯಾದೊಡನೆ ಒಂದು ಪತ್ರಿಕೆಯನ್ನು ಬರೆಯಲು ಹೇಳಿ. ತಿಂಗಳುಗಟ್ಟಲೆ ಒಬ್ಬಳೇ ಕೂತು ಲೆಕ್ಕ ಬಿಡಿಸುವುದು ಅವಳಿಗೆ ಹಿಡಿಸುತ್ತದೆಯೋ ಇಲ್ಲವೋ ಎಂಬುದು ಆಗಲೇ ತಿಳಿಯುತ್ತದೆ, ಮತ್ತು ಹಿಡಿಸದಿದ್ದರೆ ದಿಕ್ಕು ಬದಲಿಸಲು ಸಾಲದ ಹೊರೆ ಅಡ್ಡಬರುವುದಿಲ್ಲ.

ಉತ್ತರ 2:
ಮೇಲಿನ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ವಿಶೇಷ ಪದವಿಗೆ ಒಂದು ನಿಜವಾದ ಬೆಲೆಯಿದೆ. ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಅಂಡ್ ಫ್ಯಾಕಲ್ಟಿ ಆಫ್ ಆಕ್ಚುರೀಸ್‌ನಂತಹ ವೃತ್ತಿಸಂಸ್ಥೆಗಳು ತಾವು ಮಾನ್ಯಮಾಡಿದ ಪದವಿಗಳನ್ನು ಉತ್ತಮ ಅಂಕಗಳೊಂದಿಗೆ ಮುಗಿಸಿದವರಿಗೆ ಕೆಲವು ಪತ್ರಿಕೆಗಳಿಂದ ವಿನಾಯಿತಿ ಕೊಡುತ್ತವೆ, ಅದರಿಂದ ಉಳಿಯುವ ಸಮಯ ಸಣ್ಣದಲ್ಲ. ಆದ್ದರಿಂದ ಯಾವ ಪತ್ರಿಕೆಗಳಿಗೆ, ಎಷ್ಟು ಅಂಕಕ್ಕೆ ವಿನಾಯಿತಿ ಎಂಬುದನ್ನು ಕಾಲೇಜಿನಿಂದ ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಉದ್ಯೋಗದ ವಿಷಯದಲ್ಲೂ ಅತಿ ಹೆಚ್ಚಿನ ಸಂಬಳ ಎಷ್ಟೆಂದು ಕೇಳಬೇಡಿ. ಸೇರಿದವರಲ್ಲಿ ಎಷ್ಟು ಮಂದಿ ಇದೇ ವೃತ್ತಿಯಲ್ಲಿ ಕೆಲಸ ಪಡೆದರು, ಅವರ ನಡುಮಟ್ಟದ ಸಂಬಳವೇನು ಎಂದು ಕೇಳಿ.

ಸಾಲದ ಲೆಕ್ಕವನ್ನೂ ಮಾಡಿಟ್ಟುಕೊಳ್ಳಿ. ಶೇಕಡಾ 10ರ ವಾರ್ಷಿಕ ಬಡ್ಡಿಯಲ್ಲಿ 100 ರೂಪಾಯಿ ಸಾಲ ಪಡೆದು, 10 ವರ್ಷ ಸಮನಾದ ಮಾಸಿಕ ಕಂತುಗಳಲ್ಲಿ ತೀರಿಸಿದರೆ ಒಟ್ಟು ಕಟ್ಟುವುದು ಸುಮಾರು 159 ರೂಪಾಯಿ. ಓದುವ ವರ್ಷಗಳಲ್ಲಿ ಬೆಳೆಯುವ ಬಡ್ಡಿ ಇದಕ್ಕೆ ಸೇರಿಲ್ಲ.

ಉತ್ತರ 3:
ವಿಶೇಷ ಪದವಿಯೇ ಬೇಕೇ ಎಂಬುದು ವೃತ್ತಿಯಿಂದ ವೃತ್ತಿಗೆ ಬದಲಾಗುವ ಮಾತು. ಹೂಡಿಕೆ ವಿಶ್ಲೇಷಕರ ವೃತ್ತಿಪರೀಕ್ಷೆಯಾದ ಸಿಎಫ್‌ಎ ಓದುವವರಿಗೂ ಪದವಿ ಯಾವ ವಿಷಯದ್ದಾದರೂ ನಡೆಯುತ್ತದೆ. ಪರೀಕ್ಷೆಯೇ ನಿರ್ಣಾಯಕವಾದ ಕಡೆ ದುಬಾರಿ ಪದವಿಗಾಗಿ ಸಾಲ ಮಾಡುವುದು ನನಗೆ ಸರಿಕಾಣುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ವಿನಾಯಿತಿಯ ವಿವರ ಕೇಳಿ ಇಂದೇ ಕಾಲೇಜಿಗೆ ಬರೆಯುತ್ತೇನೆ. ಮೂರ್ನಾಲ್ಕು ಪತ್ರಿಕೆಗಳಿಗಾದರೂ ವಿನಾಯಿತಿ ಸಿಗದಿದ್ದರೆ ಕಡಿಮೆ ಶುಲ್ಕದ ಕಾಲೇಜಿಗೇ ಸೇರಿಸುತ್ತೇವೆ.