ಪದ ಬೇಕು: ‘ಫೀಟ್’ ಇಲ್ಲದ ಡಿ ಅಂಡ್ ಡಿ ಆಟದ ಬೋರ್ಡಿಗೆ (ನಾಳೆ ಸಂಜೆಯೊಳಗೆ)

ಕೇಳಿದವನು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಆರು ಮಕ್ಕಳಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಡಿಸುತ್ತಿದ್ದೇನೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ನಡೆಸುವ ಆಟ ಇದು. ನಾಲ್ಕು ಮಕ್ಕಳು ಕನ್ನಡ ಮಾಧ್ಯಮದವರು. ಪಾತ್ರದ ಹಾಳೆ ಕನ್ನಡದಲ್ಲಿ ಮಾಡಿ ಆಗಿದೆ. ಮೇಜಿನ ಮೇಲೆ ಇಡುವ ಬೋರ್ಡು ಬಾಕಿ. ಅದರಲ್ಲಿ ಮೂರು ಮಾತು ಬರಬೇಕು: 2014ರ ನಿಯಮಪುಸ್ತಕದ (ಪ್ಲೇಯರ್ಸ್ ಹ್ಯಾಂಡ್‌ಬುಕ್) ಪ್ರಕಾರ ಆಟ, ‘ಫೀಟ್’ ಇಲ್ಲ, ‘ಮಲ್ಟಿಕ್ಲಾಸ್’ ಇಲ್ಲ.

ಆಡದವರಿಗಾಗಿ: 4ನೇ ಲೆವೆಲ್‌ಗೆ ಬಂದಾಗ ಪಾತ್ರದ ಆರು ಗುಣಗಳಲ್ಲಿ ಒಂದಕ್ಕೆ 2 ಅಂಕ ಸೇರುತ್ತದೆ, ಇಲ್ಲವೇ ಎರಡಕ್ಕೆ ಒಂದೊಂದು. ಅದನ್ನು ಬಿಟ್ಟುಕೊಟ್ಟು ಒಂದು ಫೀಟ್ (feat), ಅಂದರೆ ಒಂದು ವಿಶೇಷ ಕೌಶಲ, ತಗೋಬಹುದು. ಉದಾಹರಣೆಗೆ, ಭಾರದ ಕತ್ತಿ ಹಿಡಿದವನು ದಾಳದಲ್ಲಿ 5 ಕಳೆದುಕೊಂಡು, ಏಟು ತಾಗಿದರೆ 10 ಜಾಸ್ತಿ ಪೆಟ್ಟು ಕೊಡುತ್ತಾನೆ. ಕ್ಲಾಸ್ ಅಂದರೆ ಯೋಧ, ಮಂತ್ರವಾದಿ, ಕಳ್ಳ ಅನ್ನುವಂಥ ಪಾತ್ರದ ಬಗೆ. ಮಲ್ಟಿಕ್ಲಾಸ್ ಅಂದರೆ ಯೋಧನಾಗಿ ಶುರು ಮಾಡಿ ನಡುವೆ ಮಂತ್ರವಾದಿಯ ಲೆವೆಲ್ಲನ್ನೂ ತಗೊಳ್ಳೋದು. ಇವೆರಡೂ ಪುಸ್ತಕದ 6ನೇ ಅಧ್ಯಾಯದಲ್ಲಿವೆ, ಆಟ ನಡೆಸುವವರು ಒಪ್ಪಿದರೆ ಮಾತ್ರ. ನಾನು ಒಪ್ಪಿಲ್ಲ. ಮೊದಲ ಸಲ ಆಡುವ ಮಕ್ಕಳು ನಲವತ್ತು ಫೀಟ್ ಓದುತ್ತಾ ಕೂತರೆ ದಾಳ ಉರುಳೋದು ಯಾವಾಗ?

‘ಫೀಟ್ ಇಲ್ಲ’ ಅಂತಲೇ ಬರೆದಿದ್ದೆ. ಮಗಳು ಓದಿ, “ಹಾಗಾದ್ರೆ ನಡೆಯೋದು ಹೇಗೆ?” ಅಂದಳು. ಇದೇ ಹಾಳೆಯಲ್ಲಿ ಮನುಷ್ಯನ ವೇಗ 30 ಫೀಟ್ ಅಂತಿದೆ!

ಮೇಷ್ಟ್ರು, ತುಮಕೂರು

ಫೀಟ್: ಸಿದ್ಧಿ. ಮಲ್ಟಿಕ್ಲಾಸ್: ಬಹುವರ್ಗ. ಎರಡೂ ‘ಐಚ್ಛಿಕ ನಿಯಮಗಳು’. ದಯವಿಟ್ಟು ‘ಇಚ್ಛಿಕ’ ಅಂತ ಬರೆಯಬೇಡಿ. ಇಚ್ಛಾ ಜೊತೆ ಇಕ ಸೇರಿದಾಗ ಮೊದಲ ಸ್ವರಕ್ಕೆ ವೃದ್ಧಿ. ಈ ಗುಂಪಿನಲ್ಲೇ ನಾಲ್ಕು ಸಲ ತಪ್ಪು ನೋಡಿದ್ದೇನೆ.

ಅಚ್ಚಗನ್ನಡದವರು, ದಾವಣಗೆರೆ

ಮತ್ತೆ ಶುರುವಾಯ್ತು ಸಂಸ್ಕೃತ. ಫೀಟ್‌ಗೆ ‘ಬಲ್ಮೆ’ ಇದೆ. ಕ್ಲಾಸ್‌ಗೆ ‘ಕಸುಬು’. ‘ಕಸುವು’ ಅಂದರೆ ಬಲ, ಕಸುವಿನಿಂದ ಮಾಡುವುದು ಕಸುಬು. ನಮ್ಮದೇ ಬೇರು. ನಿಯಮ ಬೇಡ, ಕಟ್ಟಳೆ.

ಧಾರವಾಡ

ಕಸುಬು ಅರಬ್ಬಿ ಮಾತು. ‘ಕಸ್ಬ್’, ಅಂದರೆ ಗಳಿಕೆ. ಕಸುವಿಗೂ ಅದಕ್ಕೂ ಸಂಬಂಧವಿಲ್ಲ. ಕಿವಿಗೆ ಒಂದೇ ಥರ ಕೇಳಿದ್ದೆಲ್ಲ ಒಂದೇ ಬೇರಲ್ಲ ಸ್ವಾಮಿ.

ಆದರೆ ಪದ ಚಲೋ ಅದ, ಇಡ್ರಿ. ‘ವರ್ಗ’ ಅಂದರೆ ಮಕ್ಕಳಿಗೆ ಸರ್ಕಾರಿ ಫಾರಂ ನೆನಪಾಗುತ್ತದೆ. ಈ ಆಟದಲ್ಲಿ ಯಾರು ಏನಾಗಬೇಕು ಅನ್ನೋದನ್ನು ಆಡುವವರೇ ಆರಿಸುತ್ತಾರೆ, ಹುಟ್ಟಿನಿಂದ ಬರೋದಲ್ಲ. ಹಾಗಾಗಿ ಕಸುಬೇ ಸರಿ. ‘ಕುಲಕಸುಬು’ ಆಗದಿದ್ದರೆ ಸಾಕು.

ಫೀಟ್ ಬಗ್ಗೆ: ಮೂಲ ಲ್ಯಾಟಿನ್ನಿನ ‘ಫಾಕ್ಟುಮ್’, ಅಂದರೆ ‘ಮಾಡಿದ್ದು’. ಆಟದಲ್ಲಿ ಅದು ಮಾಡಿದ್ದಲ್ಲ, ಮಾಡಬಲ್ಲದ್ದು. ಹಾಗಾಗಿ ‘ಸಾಹಸ’ ಬೇಡ. ಸಿದ್ಧಿಯಂತೂ ಬೇಡವೇ ಬೇಡ. ಅಣಿಮಾ, ಗರಿಮಾ, ಲಘಿಮಾ ಸಾಲಿನಲ್ಲಿ ಕತ್ತಿ ಜೋರಾಗಿ ಬೀಸೋದನ್ನು ಕೂರಿಸುತ್ತೀರಾ? ಗರಡಿಮನೆಯ ಮಾತು ತಗೊಳ್ರಿ: ‘ಪಟ್ಟು’. ಕುಸ್ತಿಯವನು ಕಲಿತ ಪಟ್ಟು ಇದ್ದಂಗ ಇದು.

ಸಿಯಾಟಲ್

ಇಲ್ಲಿ ವಾರಕ್ಕೊಮ್ಮೆ ಆಡುವವಳು ನಾನು. ಧಾರವಾಡದ ಸರ್, ‘ಪಟ್ಟು’ ಮೇಜಿನ ಮೇಲೆ ನಿಲ್ಲಲ್ಲ. ಹಾಳೆಯಲ್ಲಿ ‘2 ಪಟ್ಟು’ ಅಂತಿದ್ದರೆ ಎರಡು ಫೀಟೋ, ಎರಡರಷ್ಟೋ? ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದರೆ ಪೆಟ್ಟಿನ ದಾಳಗಳು ಎರಡು ಪಟ್ಟು ಆಗುವ ಆಟ ಇದು. ಫೀಟ್‌ಗೆ ಅಡಿಯ ಗೊಂದಲ, ಪಟ್ಟಿಗೆ ಲೆಕ್ಕದ ಗೊಂದಲ.

‘ಬಲ್ಮೆ’ ಚೆನ್ನಾಗಿದೆ. ಆದರೆ ಅದೂ ಗೊತ್ತಿಲ್ಲದ ಮಾತು, ಫೀಟೂ ಗೊತ್ತಿಲ್ಲದ ಮಾತು. ಎರಡನ್ನೂ ಮಕ್ಕಳಿಗೆ ಬಿಡಿಸಿಯೇ ಹೇಳಬೇಕು.

ಬೋರ್ಡಿನಲ್ಲಿ 2014 ಅನ್ನೋದನ್ನು ಮಾತ್ರ ಬಿಡಬೇಡಿ. ಫೀಟ್ ಅನ್ನೋದು ಈ ಆಟಕ್ಕೆ 2000ದ 3ನೇ ಆವೃತ್ತಿಯಲ್ಲಿ ಬಂತು. 2014ರಲ್ಲಿ ಬೇಕಾದವರಿಗೆ ಮಾತ್ರ ಅಂತಾಯ್ತು. 2024ರ ಪುಸ್ತಕದಲ್ಲಿ ಪಾತ್ರದ ಹಿನ್ನೆಲೆ ಆರಿಸಿದರೆ 1ನೇ ಲೆವೆಲ್ಲಿಗೇ ಒಂದು ಫೀಟ್ ಕೈಗೆ ಬರುತ್ತದೆ. ನೀವು ಹೇಳಿದ ಆ 2 ಅಂಕ ಸೇರಿಸೋದೂ ಅಲ್ಲಿ ಒಂದು ಫೀಟೇ! ಆ ಪುಸ್ತಕ ಹಿಡಿದು ಬಂದ ಹುಡುಗನಿಗೆ ‘ಫೀಟ್ ಇಲ್ಲ’ ಅಂದರೆ ಅವನ ಪಾತ್ರದ ಅರ್ಧ ಹಾಳೆ ಖಾಲಿ.

ಇನ್ನೊಂದು. 2014ರಲ್ಲಿ ಮನುಷ್ಯ ಪಾತ್ರಕ್ಕೆ ಎರಡು ಬಗೆ. ಮಾಮೂಲಿಯವನಿಗೆ ಆರೂ ಗುಣಕ್ಕೆ ಒಂದೊಂದು ಅಂಕ. ಇನ್ನೊಬ್ಬನಿಗೆ ಶುರುವಿನಲ್ಲೇ ಫೀಟ್. ನಿಮ್ಮ ಮೇಜಿನಲ್ಲಿ ಆ ಎರಡನೆಯವನು ತಾನಾಗೇ ಹೊರಗೆ. ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಅಳು ಬೇಡ.

ಉಡುಪಿ

ಮಾರಾಯ್ರೆ, ‘ಆಟ’ ಅಂದ ಮೇಲೆ ನಮ್ಮ ಕಡೆ ಯಕ್ಷಗಾನವೇ. ಕ್ಲಾಸಿಗೆ ‘ವೇಷ’ ಅನ್ನಿ. ಪುಂಡುವೇಷ, ಬಣ್ಣದ ವೇಷ ಇದ್ದ ಹಾಗೆ ಯೋಧವೇಷ, ಕಳ್ಳವೇಷ. ಆಟ ನಡೆಸುವವರು ‘ಭಾಗವತರು’. ಅವರು ಪದ ಎತ್ತದೆ ರಂಗದಲ್ಲಿ ಯಾರೂ ಕುಣಿಯುವುದಿಲ್ಲ, ಅಲ್ವಾ?

ಧಾರವಾಡ

ಭಾಗವತರು ಅದ್ಭುತ. ಕಳ್ಳವೇಷ ಬೇಡ. ವೇಷ ಹಾಕಿದ ಕಳ್ಳ ಅಂತಾಗುತ್ತದೆ.

ಮೇಷ್ಟ್ರು, ತುಮಕೂರು

> ಮತ್ತೆ ಶುರುವಾಯ್ತು ಸಂಸ್ಕೃತ.

ದಾವಣಗೆರೆಯವರಿಗೆ: ಅರಬ್ಬಿಯ ಕಸುಬು ನಿಮ್ಮ ಮನೆಯೊಳಗೆ ಕಾಲು ಚಾಚಿ ಕೂತಿದ್ದು ನಿಮಗೇ ಗೊತ್ತಿರಲಿಲ್ಲ. ಸಂಸ್ಕೃತಕ್ಕೆ ಮಾತ್ರ ಬಾಗಿಲಲ್ಲಿ ಕಾವಲು. ಇದು ಯಾವ ನ್ಯಾಯ?

ಅಚ್ಚಗನ್ನಡದವರು, ದಾವಣಗೆರೆ

ಕಸುಬು ಹಳ್ಳಿಯವರ ಬಾಯಲ್ಲಿ ಸವೆದು ನಮ್ಮದಾಯಿತು. ಐಚ್ಛಿಕ ಯಾರ ಬಾಯಲ್ಲಿ ಸವೆದಿದೆ? ಡಿಗ್ರಿ ಕಾಲೇಜಿನ ‘ಐಚ್ಛಿಕ ಕನ್ನಡ’ ಬಿಟ್ಟರೆ ಎಲ್ಲಿ ಕೇಳಿದ್ದೀರಿ? ಬೇರಿನ ವಿಚಾರದಲ್ಲಿ ತಪ್ಪಾಯ್ತು, ಒಪ್ಪಿದೆ. ಉಳಿದದ್ದು ಒಪ್ಪಲ್ಲ.

ಮೈಸೂರು

ಮೂರು ದಿನದಿಂದ ಓದುತ್ತಿದ್ದೇನೆ. ಒಬ್ಬರೂ ಆ ಬೋರ್ಡನ್ನು ಮಗುವಿನ ಕಣ್ಣಲ್ಲಿ ಓದಿ ನೋಡಲಿಲ್ಲ.

‘ಐಚ್ಛಿಕ’ ಅಂದರೆ ಇಷ್ಟ ಬಂದರೆ ತಗೋ ಅಂತ. ಯಾರ ಇಷ್ಟ? ಪುಸ್ತಕದಲ್ಲಿ ಅದು ಆಟ ನಡೆಸುವವರ ಇಷ್ಟ. ಬೋರ್ಡಿನಲ್ಲಿ ‘ಐಚ್ಛಿಕ’ ಕಂಡರೆ ಮಗು ತನ್ನ ಇಷ್ಟ ಅಂದುಕೊಳ್ಳುತ್ತದೆ. ‘ಬೇಕಿದ್ದರೆ’ ಅಂತ ಬರೆದರೂ ಅದೇ ಕಥೆ. ಸಂಸ್ಕೃತ ತೆಗೆದರೂ ತಪ್ಪು ಹೋಗಲಿಲ್ಲ, ನೋಡಿ. ಚೌಕಾಬಾರದಲ್ಲಿ ಕಾಯಿ ಹೊಡೆಯದೆ ಒಳಗಿನ ಸುತ್ತಿಗೆ ಹೋಗಬಹುದೋ ಇಲ್ಲವೋ ಅನ್ನೋದು ಮನೆಮನೆಗೆ ಬೇರೆ. ಅದಕ್ಕೆ ಅಜ್ಜಿ ಯಾವ ಪದ ಬಳಸುತ್ತಿದ್ದಳು? ಯಾವುದೂ ಇಲ್ಲ. “ನಮ್ಮನೇಲಿ ಹಾಗಿಲ್ಲ” ಅಷ್ಟೇ. ನಿಮಗೆ ಬೇಕಾಗಿರೋದು ಪದ ಅಲ್ಲ, ಆ ವಾಕ್ಯ. ‘ಈ ಮೇಜಿನಲ್ಲಿ ಇಲ್ಲ’ ಅಂತ ಬರೆಯಿರಿ.

ಫೀಟ್‌ಗೆ ‘ವರಸೆ’. ಕತ್ತಿವರಸೆ ಎಲ್ಲರಿಗೂ ಗೊತ್ತು. ‘ಅವನ ವರಸೆಯೇ ಬೇರೆ’ ಅಂತೀವಲ್ಲ, ಅದೂ ಹೊಂದುತ್ತದೆ. ಲೆಕ್ಕದ ಗೊಂದಲವಿಲ್ಲ. ‘2 ವರಸೆ’ ಅಂದರೆ ಎರಡೇ.

ಮೇಷ್ಟ್ರು, ತುಮಕೂರು

ವರಸೆ ಅಂದರೆ ನೆಂಟಸ್ತನ ಕೂಡ. ಅತ್ತೆ ವರಸೆ, ಮಾವನ ವರಸೆ.

ಮೈಸೂರು

ಸರಳೆ ವರಸೆ, ಜಂಟಿ ವರಸೆ ಕೂಡ. ಕತ್ತಿಯ ಪಕ್ಕದಲ್ಲಿ ಯಾರೂ ಸಂಗೀತ ಪಾಠ ಅಂದುಕೊಳ್ಳಲ್ಲ ಮೇಷ್ಟ್ರೆ.

ಸಿಯಾಟಲ್

ವರಸೆಗೆ ನನ್ನ ಓಟು. ಒಂದೇ ಅಳುಕು: ಎಲ್ಲ ಫೀಟೂ ಹೊಡೆದಾಟದ್ದಲ್ಲ. ದಿನಕ್ಕೆ ಮೂರು ಸಲ ಹೆಚ್ಚಿಗೆ ದಾಳ ಹಾಕಲು ಬಿಡುವ ‘ಅದೃಷ್ಟವಂತ’ ಅನ್ನೋದೂ ಒಂದು ಫೀಟು. ಅದೃಷ್ಟಕ್ಕೆ ವರಸೆ ಎಲ್ಲಿ? ಆದರೆ ನಿಮ್ಮ ಮೇಜಿನಲ್ಲಿ ಅದೂ ಇಲ್ಲವಲ್ಲ, ಸದ್ಯಕ್ಕೆ ನಡೆಯುತ್ತದೆ.

ಕೇಳಿದವನು, ಬೆಂಗಳೂರು

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಬಂದೇಬಿಟ್ಟಿತು, ಮೂರು ದಿನ ಎಲ್ಲಿ ಹೋಯಿತೋ. ಬೋರ್ಡು ಹೀಗಿದೆ:

ಈ ಮೇಜಿನ ನಿಯಮ
2014ರ ಪುಸ್ತಕ
ವರಸೆಗಳು ಇಲ್ಲ. ಗುಣಕ್ಕೆ ಅಂಕ ಸೇರಿಸಿಕೊಳ್ಳಿ.
ಒಬ್ಬರಿಗೆ ಒಂದೇ ಕಸುಬು.
ಅನುಮಾನ ಬಂದರೆ ಭಾಗವತರನ್ನು ಕೇಳಿ.

ಅಚ್ಚಗನ್ನಡದವರು, ದಾವಣಗೆರೆ

‘ನಿಯಮ’ ಯಾಕೆ? ಕಟ್ಟಳೆ ಅಂತ ಮೊದಲೇ ಹೇಳಿದ್ದೆ.

ಕೇಳಿದವನು, ಬೆಂಗಳೂರು

ಪ್ರಿಂಟ್ ಆಗಿಹೋಯ್ತು ಸರ್.