ಮಗಳು, ಅಪ್ಪನ ಜೊತೆ ಮೈಸೂರು ಝೂ: ಒಂದು ದಿನ ಸಾಕಾ?

ಪ್ರಶ್ನೆ: ಮುಂದಿನ ವಾರ ನಾಲ್ಕು ವರ್ಷದ ಮಗಳನ್ನೂ ಅಪ್ಪನನ್ನೂ ಕರೆದುಕೊಂಡು ಹೋಗುತ್ತಿದ್ದೇವೆ. ಅಪ್ಪನಿಗೆ ಮಂಡಿ ನೋವು, ಜಾಸ್ತಿ ನಡೆಯೋಕೆ ಆಗಲ್ಲ. ಏನು ಮಾಡೋದು?

ಉತ್ತರ: ಮಂಗಳವಾರ ರಜೆ, ಆ ದಿನ ಮಾತ್ರ ಬೇಡ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಬಿಸಿಲೇರಿದ ಮೇಲೆ ಹುಲಿ, ಸಿಂಹ ಎಲ್ಲ ನೆರಳಲ್ಲಿ ಮಲಗಿಬಿಡುತ್ತವೆ. ಬ್ಯಾಟರಿ ಗಾಡಿ ಇದೆ, ಅಪ್ಪನಿಗೆ ಅದನ್ನೇ ಮಾಡಿಸಿ.

ಉತ್ತರ: ಜಿರಾಫೆ ಹತ್ತಿರ ಮಾತ್ರ ಅವಸರ ಮಾಡಬೇಡಿ. ನಾವು ಹೋದಾಗ ಒಂದು ಜಿರಾಫೆ ಕತ್ತು ಬಗ್ಗಿಸಿ, ಕಪ್ಪು ನಾಲಿಗೆ ಚಾಚಿ ಒಂದೊಂದೇ ಎಲೆ ಸುತ್ತಿಕೊಂಡು ಕೀಳುತ್ತಿತ್ತು, ನನ್ನ ಮಗ ಅರ್ಧ ಗಂಟೆ ಅಲ್ಲಿಂದ ಕದಲಲೇ ಇಲ್ಲ. 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳನ್ನೂ ತೋರಿಸಿ.

ಉತ್ತರ: ಒಂದು ಕೇಳಿಕೆ, ದಯವಿಟ್ಟು ಗಾಜು ಬಡಿಯಬೇಡಿ, ತಿಂಡಿ ಎಸೆಯಬೇಡಿ. ಕಳೆದ ಸಲ ಯಾರೋ ಕೋತಿಗೆ ಚಿಪ್ಸ್ ಪ್ಯಾಕೆಟ್ಟೇ ಎಸೆದರು, ಅದು ಪ್ಲಾಸ್ಟಿಕ್ ಕಚ್ಚುವುದನ್ನು ನೋಡಿ ಹೊಟ್ಟೆ ಉರಿಯಿತು. ಮಗುವಿಗೆ ಮನೆಯಲ್ಲೇ ಹೇಳಿಕೊಡಿ, ಮಕ್ಕಳು ಕೇಳುತ್ತಾರೆ.

ಪ್ರಶ್ನೆ ಕೇಳಿದವರು: ಖಂಡಿತ ಹೇಳುತ್ತೇನೆ. ಬುಧವಾರ ಬೆಳಿಗ್ಗೆಯೇ ಹೊರಡುತ್ತೇವೆ, ತುಂಬಾ ಥ್ಯಾಂಕ್ಸ್.