ಸಹಾಯ ಬೇಕು: ನನ್ನ ಸ್ಲೇಟಿನ ಟರ್ಕಿ ಕಾಲ್ ಬರೀ ಕೀಯ್ ಅನ್ನುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಇಲ್ಲಿ ಲೈಸೆನ್ಸ್ ಇದ್ದವರು ವಸಂತದಲ್ಲಿ ಕಾಡು ಟರ್ಕಿ ಹುಂಜದ ಬೇಟೆ ಆಡಬಹುದು. ಹೇಂಟೆಯ ಹಾಗೆ ಕೂಗಿದರೆ ಹುಂಜ ತಾನೇ ಹುಡುಕಿಕೊಂಡು ಬರುತ್ತದೆ. ಆ ಕೂಗು ಹೊರಡಿಸುವ ಪಾಟ್ ಕಾಲ್, ಅಂದರೆ ಕಡ್ಡಿಯಿಂದ ಉಜ್ಜಿ ದನಿ ಬರಿಸುವ ಪುಟ್ಟ ಬಟ್ಟಲು, ಅಂಗಡಿಯಲ್ಲಿ ಸಿಗುತ್ತದೆ. ಆದರೆ ನನಗೆ ಕೈಯಾರೆ ಮಾಡುವ ಹುಚ್ಚು.

ಚೆರ್ರಿ ಮರದ ತುಂಡು ಕೊರೆದು ನಾಲ್ಕು ಇಂಚು ಅಗಲದ ಬಟ್ಟಲು ಮಾಡಿದೆ. ಒಳಗೆ ಪುಟ್ಟ ಕಂಬದ ಮೇಲೆ ಗಾಜಿನ ಬಿಲ್ಲೆ, ಅದರ ಮೇಲೆ ಜಾಗ ಬಿಟ್ಟು ಸ್ಲೇಟು, ತಳಕ್ಕೆ ಏಳು ತೂತು. ಸ್ಲೇಟು ಯಾವುದು ಗೊತ್ತಾ? ಊರಿಂದ ತಂದಿದ್ದ ನನ್ನ ಒಂದನೇ ಕ್ಲಾಸಿನದು! ಅಮ್ಮನಿಗೆ ಇನ್ನೂ ಹೇಳಿಲ್ಲ.

ಹಿಕರಿ ಮರದ ಕಡ್ಡಿಯನ್ನು ಸ್ಲೇಟಿನ ಮೇಲೆ ಎಳೆದರೆ ಮೊದಲ ಕೀರಲು ದನಿ ಚೆನ್ನಾಗಿಯೇ ಬರುತ್ತದೆ. ಆಮೇಲೆ ಹೇಂಟೆಯ ಕೂಗಿನ ಹಾಗೆ ಅದು ಒಡೆದು ದಪ್ಪ ದನಿಗೆ ಇಳಿಯಬೇಕಲ್ವಾ, ಅದೇ ಆಗುತ್ತಿಲ್ಲ. ಸ್ಲೇಟಿನ ಮೇಲೆ ಉಗುರು ಗೀರಿದ ಹಾಗೆ "ಕೀಯ್" ಅಂತ ಅಲ್ಲೇ ನಿಲ್ಲುತ್ತದೆ. ನಿನ್ನೆ ನಮ್ಮ ನಾಯಿ ಎದ್ದು ಹೊರಗೇ ಹೋಯಿತು.

ಸ್ಯಾಂಡ್ ಪೇಪರಿನಿಂದ ಸ್ಲೇಟನ್ನು ಒಂದೇ ದಿಕ್ಕಿಗೆ ಉಜ್ಜಿದ್ದೇನೆ. ತೂತು ಮುಚ್ಚದಂತೆ ಬಟ್ಟಲನ್ನು ಬೆರಳ ತುದಿಯಲ್ಲಿ ಹಿಡಿಯುತ್ತೇನೆ. ಕಡ್ಡಿ ಎತ್ತದೆ ಸಣ್ಣ ಸುತ್ತು ಎಳೆಯುತ್ತೇನೆ.

ಸ್ಲೇಟಿಗೂ ಗಾಜಿಗೂ ನಡುವೆ ನೀವು ಎಷ್ಟು ಜಾಗ ಬಿಡುತ್ತೀರಿ? ನನ್ನದು ಕಾಲು ಇಂಚು. ಸುತ್ತ ಅಂಟು ಜಾಸ್ತಿ ಆಯಿತಾ? ಅಥವಾ ಶಾಲೆಯ ಸ್ಲೇಟೇ ತೀರಾ ತೆಳುವಾ?

ಸುಮ್ನೆ ಅಂಗಡಿಯದು ತಗೋ ಅನ್ನಬೇಡಿ. ಅದನ್ನು ಹೆಂಡತಿ ದಿನಾ ಹೇಳುತ್ತಾಳೆ.